ಕಾಮಪ್ರಲೋಭನೆಯ ಆಧ್ಯಾತ್ಮಿಕ ಮೂಲ: ಪ್ರಾಚೀನ ಕ್ರೈಸ್ತ ಚಿಂತನೆಯ ಒಂದು ಪರಿಶೀಲನೆ

೧

ಕ್ರೈಸ್ತಧರ್ಮವು ದೇಹವನ್ನು ಹೀಗಳೆಯುವ ಧರ್ಮವೆಂದೂ, ಪಾಪಗಳಲ್ಲೆಲ್ಲ ಕಾಮವೇ ಘೋರತಮವೆಂದು ಅದು ಎಣಿಸುವುದೆಂದೂ ಒಂದು ಅಭಿಪ್ರಾಯ ವಿದ್ಯಾವಂತರಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದೆ. ಈ ಅಭಿಪ್ರಾಯಕ್ಕೆ ಆಧಾರಗಳು ಇಲ್ಲದೆ ಇಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯನ್ನು ಸೇರಿದ ತಪಸ್ವಿಗಳ ಉಪವಾಸ ಜಾಗರಣೆಗಳು, ಅವರ ಏಕಾಂತವಾಸ, ಅವರ ಬ್ರಹ್ಮಚರ್ಯದ ಹಟ, ಇವೆಲ್ಲವೂ ಮೇಲುನೋಟಕ್ಕೆ ಆ ಮಾತನ್ನೇ ಸಮರ್ಥಿಸುವಂತೆ ತೋರುತ್ತವೆ. ಆದರೆ ಆ ತಪಸ್ವಿಗಳು ತಾವೇ ಬರೆದಿಟ್ಟ ಗ್ರಂಥಗಳನ್ನು ತೆರೆದು ನೋಡಿದವರಿಗೆ ಬೇರೊಂದು ವಿಚಾರಸರಣಿ ಕಂಡುಬರುತ್ತದೆ. ಕಾಮದ ಸೆಳೆತವು ಎಲ್ಲಿಂದ ಬಲವನ್ನು ಪಡೆಯುತ್ತದೆ ಎಂಬ ಪ್ರಶ್ನೆಯನ್ನು ಅವರು ಬಹು ಸೂಕ್ಷ್ಮವಾಗಿ ವಿಚಾರಿಸಿದರು. ವಿಚಾರಿಸಿ, ಅದರ ಬೇರುಗಳನ್ನು ಮಾಂಸದಲ್ಲಾಗಲಿ ಎದುರಿಗಿರುವ ವ್ಯಕ್ತಿಯಲ್ಲಾಗಲಿ ಕಾಣದೆ, ಆತ್ಮದ ಬೇರೆ ಬೇರೆ ವ್ಯಾಧಿಗಳಲ್ಲಿ ಕಂಡರು. ಕೀರ್ತಿಯ ಹಂಬಲ, ಕೋಪ, ನಿರ್ವೇದ, ಎಲ್ಲಕ್ಕೂ ಮಿಗಿಲಾಗಿ ಅಹಂಕಾರ, ಇವೇ ಆ ವ್ಯಾಧಿಗಳು. ಈ ವಿಚಾರವನ್ನು ಮೂಲಗ್ರಂಥಗಳ ಆಧಾರದಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ಪದವಿಚಾರ. ಕನ್ನಡ ಸತ್ಯವೇದದಲ್ಲಿ ಪ್ರಲೋಭನೆಗೆ ಬಳಸಿರುವ ಪದ 'ಶೋಧನೆ' ಎಂಬುದು. ಇದಕ್ಕೆ ಮೂಲವಾದ ಗ್ರೀಕಿನ 'ಪೈರಾಸ್ಮೋಸ್' ಎಂಬ ಪದಕ್ಕೆ ಪರೀಕ್ಷೆ, ಪ್ರಲೋಭನೆ ಎಂಬ ಎರಡು ಅರ್ಥಗಳೂ ಉಂಟು. ಶೋಧಿಸುವುದೆಂದರೆ ನಮ್ಮ ಭಾಷೆಯಲ್ಲಿ ಹುಡುಕಿ ನೋಡುವುದು, ಪರೀಕ್ಷಿಸುವುದು, ಕಶ್ಮಲವನ್ನು ತೆಗೆದು ಶುದ್ಧಗೊಳಿಸುವುದು ಎಂದೆಲ್ಲ ಆಗುತ್ತದೆ. ಪ್ರಲೋಭನೆಯು ಮನುಷ್ಯನ ಒಳಗಿರುವುದನ್ನು ಹುಡುಕಿ ಬೆಳಕಿಗೆ ತರುವ ಸಂದರ್ಭವೆಂಬ ಧ್ವನಿ ಈ ಪದದಲ್ಲಿ ಅಡಗಿದೆ. ಮರುಭೂಮಿಯ ಗುರುಗಳು ಅದನ್ನು ನೋಡಿದ್ದೂ ಹೀಗೆಯೇ.

೨

ಈ ಗುರುಗಳ ವಿಚಾರಕ್ಕೆಲ್ಲ ಬೀಜ ಬೈಬಲಿನಲ್ಲಿದೆ. ಮನುಷ್ಯನನ್ನು ಹೊಲೆಮಾಡುವಂಥದು ಹೊರಗಿನಿಂದ ಒಳಕ್ಕೆ ಹೋಗುವುದಿಲ್ಲ, ಹೃದಯದಿಂದಲೇ ಹೊರಡುತ್ತದೆ ಎಂಬುದು ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಯೇಸುಕ್ರಿಸ್ತನು ಕೊಟ್ಟ ಬೋಧನೆ. ಅಲ್ಲಿ ಹೃದಯದಿಂದ ಹೊರಡುವ ಕೆಡುಕುಗಳ ಪಟ್ಟಿಯಲ್ಲಿ ಜಾರತ್ವದೊಂದಿಗೆ ಕಳ್ಳತನ, ಹೊಟ್ಟೆಕಿಚ್ಚು, ಸೊಕ್ಕು ಇವೂ ಸೇರಿವೆ. ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿಯೂ ಇಂಥದೇ ಒಂದು ಪಟ್ಟಿ ಇದೆ. ಅದು 'ಸಾರ್ಕ್ಸ್' ಎಂಬುದರ ಕರ್ಮಗಳ ಪಟ್ಟಿ. ಗ್ರೀಕಿನಲ್ಲಿ ಈ ಪದದ ವಾಚ್ಯಾರ್ಥ ಮಾಂಸ ಎಂದು. ಆದರೆ ಪಟ್ಟಿಯಲ್ಲಿ ಜಾರತ್ವ, ಕುಡಿಕತನಗಳ ಜೊತೆಗೆ ವಿಗ್ರಹಾರಾಧನೆ, ಹಗೆತನ, ಜಗಳ, ಮತ್ಸರ, ಪಕ್ಷಭೇದ ಮೊದಲಾದವೂ ಇರುವುದನ್ನು ಗಮನಿಸಬೇಕು. ಮತ್ಸರವಾಗಲಿ ಪಕ್ಷಭೇದವಾಗಲಿ ದೇಹದ ಹಸಿವುಗಳೆಂದು ಯಾರೂ ಹೇಳಲಾರರು. ಆದುದರಿಂದ ಪೌಲನ 'ಸಾರ್ಕ್ಸ್' ಎಂದರೆ ದೇಹವಲ್ಲ. ದೇವರಿಗೆ ವಿಮುಖವಾಗಿ ತನ್ನಲ್ಲಿಯೇ ನೆಲೆನಿಂತ ಸಮಗ್ರ ಮನುಷ್ಯಸ್ವಭಾವ. ಕನ್ನಡ ಸತ್ಯವೇದದ ಭಾಷಾಂತರಕಾರರು ಈ ಸ್ಥಳದಲ್ಲಿ 'ಶರೀರ' ಎಂದು ಬಿಡದೆ 'ಶರೀರಭಾವ' ಎಂಬ ಪದವನ್ನು ಉಪಯೋಗಿಸಿರುವುದು ಅವರ ವಿವೇಚನೆಗೆ ಸಾಕ್ಷಿ. ಇದೇ ಪೌಲನು ಕೊರಿಂಥದವರಿಗೆ ಬರೆಯುವಾಗ ದೇಹವನ್ನು ಪವಿತ್ರಾತ್ಮನ ಆಲಯವೆಂದು ಕರೆದಿದ್ದಾನೆ.

ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಘಟನೆಗಳಿಗೆ ಒಂದು ಕ್ರಮವಿದೆ. ದೇವರನ್ನು ಅರಿತೂ ಆತನನ್ನು ಘನಪಡಿಸದೆ ಕೃತಜ್ಞತೆಯನ್ನು ಮರೆತದ್ದು ಮೊದಲನೆಯದು. ಸೃಷ್ಟಿಕರ್ತನ ಸ್ಥಾನದಲ್ಲಿ ಸೃಷ್ಟಿಯನ್ನು ಪೂಜಿಸಿದ್ದು ಎರಡನೆಯದು. ಆ ಮೇಲೆ ದುರಾಶೆಗಳ ವಶವಾದದ್ದು. ಕೃತಘ್ನತೆ ಬೇರು, ದುಷ್ಕಾಮ ಅದರ ಫಲ.

ಈ ಕ್ರಮವನ್ನು ಕಥಾರೂಪದಲ್ಲಿ ಕಾಣಬೇಕಾದರೆ ಸಮುವೇಲನ ಎರಡನೆಯ ಗ್ರಂಥದಲ್ಲಿ ಬರುವ ದಾವೀದನ ವೃತ್ತಾಂತವನ್ನು ಓದಬೇಕು. ಅರಸರು ಯುದ್ಧಕ್ಕೆ ಹೊರಡುವ ಕಾಲವದು. ದಾವೀದನಾದರೋ ಯೋವಾಬನನ್ನೂ ಸೈನ್ಯವನ್ನೂ ಕಳುಹಿಸಿ ತಾನು ಯೆರೂಸಲೇಮಿನಲ್ಲಿಯೇ ಉಳಿದನು. ಸಂಜೆಯ ಹೊತ್ತಿಗೆ ಹಾಸಿಗೆಯಿಂದೆದ್ದು ಅರಮನೆಯ ಮಾಳಿಗೆಯ ಮೇಲೆ ತಿರುಗಾಡುತ್ತಿದ್ದಾಗ ಬತ್ಷೆಬೆಯನ್ನು ಕಂಡನು. ಮುಂದೆ ವ್ಯಭಿಚಾರ; ಅದನ್ನು ಮುಚ್ಚಲು ಕಪಟ; ಕೊನೆಗೆ ಅವಳ ಪತಿಯಾದ ಊರೀಯನ ಕೊಲೆ. ಪ್ರವಾದಿಯಾದ ನಾತಾನನು ಬಂದು ಅರಸನಿಗೆ ಒಂದು ಸಾಮತಿಯನ್ನು ಹೇಳಿದನು: ಬೇಕಾದಷ್ಟು ದನಕುರಿಗಳಿದ್ದ ಐಶ್ವರ್ಯವಂತನೊಬ್ಬನು ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡನೆಂಬುದು ಅದರ ಸಾರ. ಈ ಸಾಮತಿಯಲ್ಲಿ ಕಾಮದ ಹೆಸರೇ ಇಲ್ಲ. ಕರ್ತವ್ಯವನ್ನು ಬಿಟ್ಟ ಆಲಸ್ಯ, ಕೇಳುವವರಿಲ್ಲವೆಂಬ ಅಧಿಕಾರಮದ, ಕರುಣೆಯ ಅಭಾವ, ಇವನ್ನು ಪ್ರವಾದಿಯ ಕಣ್ಣು ಕಂಡಿತು. ಬತ್ಷೆಬೆಯ ಮೇಲೆ ಅವನು ಯಾವ ದೋಷವನ್ನೂ ಹೊರಿಸಲಿಲ್ಲ.

೩

ಬೈಬಲಿನಲ್ಲಿ ಬೀಜರೂಪದಲ್ಲಿದ್ದ ಈ ವಿಚಾರಕ್ಕೆ ಶಾಸ್ತ್ರದ ರೂಪವನ್ನು ಕೊಟ್ಟವರಲ್ಲಿ ಎವಾಗ್ರಿಯಸನು ಮುಖ್ಯನು. ಕಪ್ಪುಸಮುದ್ರದ ದಕ್ಷಿಣದಲ್ಲಿರುವ ಪಾಂಟಸ್ ಪ್ರಾಂತದಲ್ಲಿ ಸುಮಾರು ೩೪೫ರಲ್ಲಿ ಹುಟ್ಟಿದ ಇವನು ನಾಜಿಯಾಂಜಸಿನ ಗ್ರೆಗರಿಯಿಂದ ಧರ್ಮಸೇವಕ ದೀಕ್ಷೆಯನ್ನು ಪಡೆದು, ೩೮೧ರಲ್ಲಿ ಧರ್ಮಸಭೆ ಸೇರಿದ ಕಾಲಕ್ಕೆ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ವಾದಕುಶಲನೆಂದು ಹೆಸರಾಗಿದ್ದನು. ಅವನ ಶಿಷ್ಯನಾದ ಪಲ್ಲಾಡಿಯಸನು ಬರೆದಿರುವಂತೆ, ಆ ನಗರದಲ್ಲಿ ಉನ್ನತ ಪದವಿಯವನೊಬ್ಬನ ಪತ್ನಿಗೂ ಇವನಿಗೂ ಪರಸ್ಪರ ಅನುರಾಗ ಉಂಟಾಯಿತು. ಅದರಿಂದ ಬಿಡಿಸಿಕೊಳ್ಳಲು ಯೆರೂಸಲೇಮಿಗೆ ಓಡಿಹೋದರೂ, ಅಲ್ಲಿ ಉಡುಗೆತೊಡುಗೆಗಳ ಬೆಡಗು, ಮಾತಿನ ಪ್ರತಿಷ್ಠೆ ಮತ್ತೆ ಅವನನ್ನು ಹಿಡಿದುಕೊಂಡವು. ತಿಂಗಳುಗಟ್ಟಲೆ ಜ್ವರದಿಂದ ನರಳಿದ ಮೇಲೆ ಮೆಲಾನಿಯಾ ಎಂಬ ತಪಸ್ವಿನಿಯ ಮುಂದೆ ತನ್ನ ಸ್ಥಿತಿಯನ್ನೆಲ್ಲ ಒಪ್ಪಿಕೊಂಡು, ಆಕೆಯ ಪ್ರೇರಣೆಯಿಂದ ಈಜಿಪ್ಟನ್ನು ಸೇರಿದನು. ನೈಟ್ರಿಯದಲ್ಲಿ ಎರಡು ವರ್ಷ, ಕೆಲ್ಲಿಯ ಎಂಬ ಕುಟೀರಗಳ ನೆಲೆಯಲ್ಲಿ ಸುಮಾರು ಹದಿನಾಲ್ಕು ವರ್ಷ ತಪಸ್ಸಿನಲ್ಲಿದ್ದು ೩೯೯ರಲ್ಲಿ ತೀರಿಕೊಂಡನು. ಕಾಮವೂ ಕೀರ್ತಿಲಾಲಸೆಯೂ ಒಂದೇ ಮನೆಯ ಎರಡು ಬಾಗಿಲುಗಳೆಂಬುದನ್ನು ಅವನು ಪುಸ್ತಕದಿಂದ ಕಲಿತವನಲ್ಲ.

'ಪ್ರಾಕ್ಟಿಕೋಸ್' ಎಂಬ ಅವನ ಗ್ರಂಥ ನೂರು ಕಿರು ಅಧ್ಯಾಯಗಳದು. ಮನುಷ್ಯನನ್ನು ಕಾಡುವ ದುರ್ಭಾವನೆಗಳನ್ನು ಅವನು ಅಲ್ಲಿ ಎಂಟಾಗಿ ವಿಂಗಡಿಸಿದ್ದಾನೆ: ಹೊಟ್ಟೆಬಾಕತನ, ಜಾರತ್ವ, ಧನಲೋಭ, ದುಃಖ, ಕೋಪ, 'ಅಕೀಡಿಯ' ಎಂಬ ನಿರ್ವೇದ, ಕೀರ್ತಿಲಾಲಸೆ, ಅಹಂಕಾರ. ನಮ್ಮ ಅರಿಷಡ್ವರ್ಗದೊಂದಿಗೆ ಇದನ್ನು ಹೋಲಿಸುವ ಆಸೆ ಸಹಜವೇ; ಆದರೆ ಅಲ್ಲಿ ಮೊದಲನೆಯದಾದ ಕಾಮವು ಇಚ್ಛೆ ಎಂಬ ವಿಶಾಲಾರ್ಥವನ್ನೂ ಒಳಗೊಳ್ಳುವುದೆಂಬುದನ್ನು ಮರೆಯಲಾಗದು. ಎವಾಗ್ರಿಯಸನ ಪಟ್ಟಿಯಲ್ಲಿ ಜಾರತ್ವಕ್ಕೆ ಎರಡನೆಯ ಸ್ಥಾನ, ಎಂದರೆ ಸಾಧಕನು ಆರಂಭದಲ್ಲಿಯೇ ಎದುರಿಸುವ ಸ್ಥೂಲವಾದ ಶತ್ರುಗಳಲ್ಲಿ ಒಂದು. ಸೂಕ್ಷ್ಮವಾದ ಮತ್ತು ಹೆಚ್ಚು ಅಪಾಯಕರವಾದ ಶತ್ರುಗಳು ಕೊನೆಗೆ ಬರುತ್ತವೆ.

ಇಲ್ಲಿ ಎರಡು ಅಂಶಗಳು ಮುಖ್ಯವಾದವು. ಮೊದಲನೆಯದು: ಈ ಭಾವನೆಗಳು ಮನಸ್ಸಿಗೆ ಬರುವುದು ಬಾರದಿರುವುದು ನಮ್ಮ ಕೈಯಲ್ಲಿಲ್ಲ, ಬಂದವುಗಳನ್ನು ಉಳಿಸಿಕೊಳ್ಳುವುದು, ಅವುಗಳಿಂದ ಉದ್ರೇಕಗೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ ಎಂದು ಅವನು ಸ್ಪಷ್ಟಪಡಿಸುತ್ತಾನೆ. ಪ್ರಲೋಭನೆ ಬೇರೆ, ಪಾಪ ಬೇರೆ. ಎರಡನೆಯದು ಈ ಭಾವನೆಗಳ ಪರಸ್ಪರ ಸಂಬಂಧ. ಕೀರ್ತಿಲಾಲಸೆಯನ್ನು ವರ್ಣಿಸುವಾಗ ಅವನು ಏಕಾಂತದಲ್ಲಿ ಕುಳಿತ ಒಬ್ಬ ಸಂನ್ಯಾಸಿಯ ಹಗಲುಗನಸನ್ನು ಚಿತ್ರಿಸುತ್ತಾನೆ. ತಾನು ರೋಗಿಗಳನ್ನು ಗುಣಪಡಿಸಿದಂತೆ, ಜನರು ತನ್ನನ್ನು ಪಾದ್ರಿಯನ್ನಾಗಿ ಮಾಡಲು ಬಾಗಿಲಿಗೆ ಬಂದು ನಿಂತಂತೆ, ಬಾರೆನೆಂದರೆ ಕಟ್ಟಿಯಾದರೂ ಒಯ್ಯುವಂತೆ ಅವನು ಕಲ್ಪಿಸಿಕೊಳ್ಳುತ್ತಾನೆ. ಇಂಥ ಕನಸಿನಲ್ಲಿ ಮೇಲೇರಿದವನನ್ನು ಆ ಭಾವನೆಯು ಕೆಲವು ವೇಳೆ ಅಹಂಕಾರಕ್ಕೆ, ಕೆಲವು ವೇಳೆ ದುಃಖಕ್ಕೆ ಒಪ್ಪಿಸುತ್ತದೆ. ಇನ್ನು ಕೆಲವು ವೇಳೆ, ಕ್ಷಣದ ಹಿಂದೆ ಪೂಜ್ಯ ಪಾದ್ರಿಯಾಗಿದ್ದವನನ್ನು ಕಟ್ಟಿ ಜಾರತ್ವದ ಪಿಶಾಚಿಯ ಕೈಗೆ ಕೊಡುತ್ತದೆ. ತನ್ನನ್ನು ಮೆಚ್ಚುವ ಜನರನ್ನು ಕಲ್ಪನೆಯಲ್ಲಿ ಸೃಷ್ಟಿಸಿಕೊಂಡ ಮನಸ್ಸು ತನ್ನನ್ನು ತಣಿಸುವ ದೇಹಗಳನ್ನೂ ಸೃಷ್ಟಿಸಿಕೊಳ್ಳುತ್ತದೆ. ಎರಡು ಕಡೆಯೂ ಎದುರಿಗಿರುವವರು ಮನುಷ್ಯರಾಗಿ ಉಳಿಯದೆ ತನ್ನ ಸುಖದ ಸಾಧನಗಳಾಗುತ್ತಾರೆ.

ಚಿಕಿತ್ಸೆಯಲ್ಲಿಯೂ ಅವನು ಏಕಪಕ್ಷೀಯನಲ್ಲ. ಹಸಿವು, ದೇಹಶ್ರಮ, ಏಕಾಂತಗಳು ಕಾಮನೆಯ ಉರಿಯನ್ನು ತಗ್ಗಿಸುತ್ತವೆ. ಆದರೆ ಆತ್ಮದ ರೋಷಭಾಗಕ್ಕೆ ಕೀರ್ತನೆಗಳ ಗಾಯನ, ತಾಳ್ಮೆ, ದಯೆಗಳೂ, ಅಲೆಯುವ ಬುದ್ಧಿಗೆ ಓದು, ಜಾಗರಣೆ, ಪ್ರಾರ್ಥನೆಗಳೂ ಬೇಕು. ಮುಳ್ಳಿನಿಂದ ಮುಳ್ಳನ್ನು ತೆಗೆಯುವಂತೆ, ಕೀರ್ತಿಯ ಆಸೆಯನ್ನು ಮುಂದೊಡ್ಡಿ ಕಾಮವನ್ನು ಓಡಿಸಬಹುದೆಂಬುದೂ ಅವನಿಗೆ ಗೊತ್ತು. ಆದರೆ ನಿಜವಾದ ಬಿಡುಗಡೆಯೆಂದು ಅವನು ಎಣಿಸುವುದು, ಕೀರ್ತಿಲಾಲಸೆಯನ್ನು ದೈನ್ಯದಿಂದಲೂ ಕಾಮವನ್ನು ಪರಿಶುದ್ಧತೆಯಿಂದಲೂ ಗೆಲ್ಲುವುದನ್ನು. ೫೫೩ರ ಧರ್ಮಸಭೆಯ ಕಾಲದಲ್ಲಿ ಆರಿಜೆನನ ಪಂಥದ ತತ್ತ್ವಗಳೊಂದಿಗೆ ಎವಾಗ್ರಿಯಸನ ತತ್ತ್ವಗಳೂ ಖಂಡನೆಗೆ ಗುರಿಯಾದುದರಿಂದ ಅವನ ಕೃತಿಗಳಲ್ಲಿ ಕೆಲವು ಅನ್ಯರ ಹೆಸರಿನಲ್ಲಿ, ಕೆಲವು ಸಿರಿಯಾ ಮತ್ತು ಆರ್ಮೇನಿಯಾ ಭಾಷೆಗಳಲ್ಲಿ ಉಳಿದುಬಂದವು. ಆದರೂ ಅವನ ವಿಂಗಡಣೆ ಮರೆಯಾಗಲಿಲ್ಲ. ಮಹಾ ಗ್ರೆಗರಿಯು ಆರನೆಯ ಶತಮಾನದ ಕೊನೆಯಲ್ಲಿ ಅದನ್ನು ತಿದ್ದಿ, ಅಹಂಕಾರವನ್ನು ಎಲ್ಲಕ್ಕೂ ಮೂಲವೆಂದು ಬೇರೆಯಾಗಿ ಇಟ್ಟು, ಏಳು ಮುಖ್ಯ ಪಾಪಗಳನ್ನು ಎಣಿಸಿದನು.

೪

ಈಜಿಪ್ಟಿನ ಈ ವಿದ್ಯೆಯನ್ನು ಪಶ್ಚಿಮಕ್ಕೆ ಒಯ್ದವನು ಜಾನ್ ಕ್ಯಾಸಿಯನ್. ಸುಮಾರು ೩೬೦ರಲ್ಲಿ ಹುಟ್ಟಿ, ಈಜಿಪ್ಟಿನ ಮಠಗಳಲ್ಲಿ ವರ್ಷಗಟ್ಟಲೆ ಇದ್ದು, ಕೊನೆಗೆ ಮಾರ್ಸೇಲ್ಸ್ ನಗರದಲ್ಲಿ ನೆಲೆಸಿದ ಇವನು ಲ್ಯಾಟಿನ್ ಭಾಷೆಯಲ್ಲಿ ಬರೆದ ಗ್ರಂಥಗಳಲ್ಲಿ ಇಲ್ಲಿ ಮುಖ್ಯವಾದವು ಎರಡು: ಮಠಜೀವನದ ನಿಯಮಗಳನ್ನೂ ಎಂಟು ದೋಷಗಳ ಚಿಕಿತ್ಸೆಯನ್ನೂ ಹೇಳುವ ಹನ್ನೆರಡು ಪುಸ್ತಕಗಳ ಕೃತಿ ಒಂದು, ಮರುಭೂಮಿಯ ಹಿರಿಯರೊಡನೆ ನಡೆದ ಇಪ್ಪತ್ತನಾಲ್ಕು ಸಂವಾದಗಳ ಸಂಗ್ರಹ ಇನ್ನೊಂದು.

ಬ್ರಹ್ಮಚರ್ಯವನ್ನು ಕುರಿತ ಹನ್ನೆರಡನೆಯ ಸಂವಾದದಲ್ಲಿ ಒಂದು ಗಮನಾರ್ಹವಾದ ಮಾತು ಬರುತ್ತದೆ. ಮನುಷ್ಯನು ಹೃದಯದ ಸೌಮ್ಯತೆಯಲ್ಲಿಯೂ ತಾಳ್ಮೆಯಲ್ಲಿಯೂ ಎಷ್ಟೆಷ್ಟು ಮುಂದುವರಿಯುತ್ತಾನೋ ಅಷ್ಟಷ್ಟೇ ದೇಹದ ಪರಿಶುದ್ಧತೆಯಲ್ಲಿಯೂ ಮುಂದುವರಿಯುತ್ತಾನೆ ಎಂಬುದು ಅದರ ತಾತ್ಪರ್ಯ. ಕೋಪಕ್ಕೂ ಕಾಮಕ್ಕೂ ಏನು ಸಂಬಂಧವೆಂದು ಓದುಗರಿಗೆ ಅನ್ನಿಸಬಹುದು. ತನ್ನ ಇಚ್ಛೆಗೆ ಅಡ್ಡಬಂದವರನ್ನು ತಳ್ಳಿಹಾಕುವುದು ಕೋಪ. ತನ್ನ ಇಚ್ಛೆಗೆ ಬೇಕಾದವರನ್ನು ಸೆಳೆದುಕೊಳ್ಳುವುದು ಕಾಮ. ಎರಡರಲ್ಲಿಯೂ ತನ್ನ ಇಚ್ಛೆಯೇ ಸಿಂಹಾಸನವನ್ನೇರಿದೆ.

ಎರಡನೆಯ ಸಂವಾದದಲ್ಲಿ ಒಂದು ಕಥೆಯಿದೆ. ಕಾಮಪೀಡೆಯಿಂದ ಬಳಲುತ್ತಿದ್ದ ತರುಣ ಸಂನ್ಯಾಸಿಯೊಬ್ಬನು ವೃದ್ಧನೊಬ್ಬನ ಬಳಿಗೆ ಹೋಗಿ ತನ್ನ ಕಷ್ಟವನ್ನು ಹೇಳಿಕೊಂಡನು. ಸಮಾಧಾನದ ಮಾತಿಗೆ ಬದಲಾಗಿ ವೃದ್ಧನು ಅವನನ್ನು ಕಠಿನವಾಗಿ ನಿಂದಿಸಿ, ಇಂಥವನಿಗೆ ಸಂನ್ಯಾಸಿಯೆಂಬ ಹೆಸರೇ ಸಲ್ಲದೆಂದು ಗದರಿಸಿದನು. ತರುಣನು ಹತಾಶನಾಗಿ, ತಪಸ್ಸನ್ನು ಬಿಟ್ಟು ಊರಿಗೆ ಹಿಂದಿರುಗುವ ದಾರಿಯನ್ನು ಹಿಡಿದನು. ದಾರಿಯಲ್ಲಿ ಸಿಕ್ಕಿದ ಅಬ್ಬಾ ಅಪೊಲ್ಲೊ ಎಂಬ ಹಿರಿಯನು ಅವನ ಮುಖದ ಕಳವಳವನ್ನು ಕಂಡು ಕಾರಣವನ್ನು ವಿಚಾರಿಸಿ, ಇಷ್ಟು ವಯಸ್ಸಾದ ತನ್ನನ್ನೂ ಆ ಪೀಡೆ ಬಿಟ್ಟಿಲ್ಲವೆಂದು ಹೇಳಿ, ಒಂದು ದಿನ ತಡೆಯುವಂತೆ ಬೇಡಿಕೊಂಡನು. ಅನಂತರ ಆ ವೃದ್ಧನ ಕುಟೀರದ ಬಳಿಗೆ ಹೋಗಿ, ತರುಣನ ಶೋಧನೆ ವೃದ್ಧನ ಮೇಲೆ ತಿರುಗಲೆಂದು ಕಣ್ಣೀರಿನಿಂದ ಪ್ರಾರ್ಥಿಸಿದನು. ಸ್ವಲ್ಪ ಹೊತ್ತಿಗೆ ವೃದ್ಧನು ಹುಚ್ಚುಹಿಡಿದವನಂತೆ ಕುಟೀರದ ಒಳಗೂ ಹೊರಗೂ ಓಡಾಡತೊಡಗಿ, ಕೊನೆಗೆ ತರುಣನು ಹಿಡಿದಿದ್ದ ದಾರಿಯಲ್ಲಿಯೇ ಹೊರಟನು. ಅಪೊಲ್ಲೊ ಅವನನ್ನು ತಡೆದು, ಇದುವರೆಗೆ ಸೈತಾನನು ನಿನ್ನನ್ನು ಅರಿಯದೆ ಇದ್ದನೋ ಅಥವಾ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲವೋ, ಇನ್ನಾದರೂ ನರಳುವವರೊಂದಿಗೆ ಮರುಗುವುದನ್ನು ಕಲಿ ಎಂಬ ಅರ್ಥದ ಮಾತುಗಳಿಂದ ಬುದ್ಧಿಹೇಳಿದನು.

ಈ ಕಥೆಯಲ್ಲಿ ರೋಗಿ ಯಾರು? ತರುಣನಲ್ಲಿ ದೈನ್ಯವಿತ್ತು, ತನ್ನ ಸ್ಥಿತಿಯನ್ನು ತೆರೆದು ತೋರಿಸುವ ಧೈರ್ಯವಿತ್ತು. ವೃದ್ಧನಲ್ಲಿ ಇದ್ದದ್ದು ತಾನು ಇದನ್ನೆಲ್ಲ ದಾಟಿದವನೆಂಬ ಅಹಂಭಾವ. ಅಪೊಲ್ಲೊವಿನ ಪ್ರಾರ್ಥನೆ ಆ ಭದ್ರತೆಯ ಹುಸಿಯನ್ನು ಬಯಲಿಗೆ ತಂದಿತು. ಪ್ರಲೋಭನೆಗೊಳಗಾದವನನ್ನು ತಿರಸ್ಕರಿಸುವುದು ಕಾಮಕ್ಕಿಂತ ಕೆಟ್ಟ ವ್ಯಾಧಿಯ ಲಕ್ಷಣವೆಂಬುದು ಮರುಭೂಮಿಯ ನಿರ್ಣಯ.

ನಿರ್ವೇದವನ್ನು ಕುರಿತು ಒಂದೇ ಮಾತು ಇಲ್ಲಿ ಸಾಕು. ಆತ್ಮಕ್ಕೆ ಆತ್ಮದ ಸಂತೋಷ ದೊರೆಯದೆಹೋದಾಗ ಅದು ದೇಹದ ಸುಖಗಳ ಕಡೆಗೆ ತಿರುಗುತ್ತದೆ ಎಂದು, ಅರಿಸ್ಟಾಟಲನನ್ನು ಆಧಾರವಾಗಿ ಹಿಡಿದು, ಹದಿಮೂರನೆಯ ಶತಮಾನದ ಥಾಮಸ್ ಅಕ್ವೈನಸನು ವಿವರಿಸಿದ್ದಾನೆ. ಮಾಳಿಗೆಯ ಮೇಲೆ ಕೆಲಸವಿಲ್ಲದೆ ತಿರುಗಾಡಿದ ದಾವೀದನ ಸ್ಥಿತಿಗೆ ಇದೇ ಭಾಷ್ಯ.

೫

ಇದೇ ಪ್ರಶ್ನೆಯನ್ನು ತತ್ತ್ವಜ್ಞಾನದ ನೆಲೆಗೆ ಒಯ್ದವನು ಉತ್ತರ ಆಫ್ರಿಕದ ಅಗಸ್ಟೀನನು (೩೫೪–೪೩೦). ತಾರುಣ್ಯದಲ್ಲಿ ಅವನು ಸುಮಾರು ಒಂಬತ್ತು ವರ್ಷ ಮಾನಿಯ ಮತದ ಶ್ರಾವಕನಾಗಿದ್ದನು. ದೇಹವೂ ಜಡದ್ರವ್ಯವೂ ಕತ್ತಲೆಯ ತತ್ತ್ವಕ್ಕೆ ಸೇರಿದವು ಎಂಬುದು ಆ ಮತದ ಬೋಧನೆ. ಮನುಷ್ಯನ ಪಾಪದ ಹೊಣೆಯನ್ನು ದೇಹಕ್ಕೆ ದಾಟಿಸಲು ಅಲ್ಲಿ ಅವಕಾಶವಿತ್ತು. ಅಗಸ್ಟೀನನು ಆ ಮತವನ್ನು ಬಿಟ್ಟಾಗ ಈ ಆಶ್ರಯವನ್ನೂ ಬಿಡಬೇಕಾಯಿತು.

೪೧೩ರಿಂದ ೪೨೬ರ ವರೆಗೆ ಅವನು ಬರೆದ 'ದೇವನಗರ' ಎಂಬ ಮಹಾಗ್ರಂಥದ ಹದಿನಾಲ್ಕನೆಯ ಪುಸ್ತಕದಲ್ಲಿ ಒಂದು ಸರಳವಾದ, ಆದರೆ ಖಂಡಿಸಲಾಗದ ವಾದವಿದೆ. ಪಾಪಕ್ಕೆಲ್ಲ ಮಾಂಸವೇ ಕಾರಣವಾದರೆ ಮಾಂಸವೇ ಇಲ್ಲದ ಸೈತಾನನು ನಿಷ್ಪಾಪಿಯಾಗಬೇಕಾಗಿತ್ತು. ಅವನಿಗೆ ಕುಡಿತವಿಲ್ಲ, ಜಾರತ್ವವಿಲ್ಲ. ಆದರೂ ಅವನು ಪಾಪಿಗಳಲ್ಲಿ ಅಗ್ರಗಣ್ಯನು. ಅವನನ್ನು ಹಾಗೆ ಮಾಡಿದವು ಅಹಂಕಾರ ಮತ್ತು ಅಸೂಯೆ. ಅದೇ ಗ್ರಂಥದ ಹನ್ನೆರಡನೆಯ ಪುಸ್ತಕದಲ್ಲಿ, ಕಾಮವು ಸುಂದರವಾದ ದೇಹಗಳ ದೋಷವಲ್ಲ, ಅವನ್ನು ವಕ್ರವಾಗಿ ಪ್ರೀತಿಸುವ ಆತ್ಮದ ದೋಷ ಎಂದು ತೋರಿಸಿದ್ದಾನೆ. ಚಿನ್ನಕ್ಕೂ ಲೋಭಕ್ಕೂ ಇರುವ ಸಂಬಂಧವೂ ಇಂಥದೇ. ಇಲ್ಲಿ ಕನ್ನಡ ಓದುಗನಿಗೆ ಅಲ್ಲಮಪ್ರಭುವಿನ ನೆನಪಾಗದಿರದು. ಹೊನ್ನು, ಹೆಣ್ಣು, ಮಣ್ಣುಗಳಲ್ಲಿ ಮಾಯೆಯನ್ನು ಕಾಣದೆ ಮನಸ್ಸಿನ ಆಸೆಯಲ್ಲಿ ಅದನ್ನು ಕಂಡವನು ಅವನು. ಎರಡು ದರ್ಶನಗಳ ಪರಮಾರ್ಥ ಬೇರೆಬೇರೆಯಾದರೂ ದೋಷವು ವಸ್ತುವಿನಲ್ಲಿಲ್ಲವೆಂಬ ಅಂಶದಲ್ಲಿ ಅವು ಪರಸ್ಪರ ಸಮೀಪಿಸುತ್ತವೆ.

ಅಗಸ್ಟೀನನ ಸ್ವಂತ ಜೀವನ ಈ ತತ್ತ್ವಕ್ಕೆ ನೋವಿನ ಉದಾಹರಣೆ. 'ಆತ್ಮನಿವೇದನೆ'ಯ ಆರನೆಯ ಪುಸ್ತಕದಲ್ಲಿ ಅವನು ಹೇಳಿಕೊಂಡಿರುವಂತೆ, ಮಿಲಾನಿನಲ್ಲಿ ಅವನು ಮಾನ, ಧನ, ವಿವಾಹ ಈ ಮೂರಕ್ಕಾಗಿ ಹಂಬಲಿಸುತ್ತಿದ್ದನು. ಅನುಕೂಲವಾದ ಸಂಬಂಧವೊಂದು ಗೊತ್ತಾಯಿತು. ಅದಕ್ಕೆ ಅಡ್ಡಿಯೆಂದು, ವರ್ಷಗಟ್ಟಲೆ ತನ್ನೊಡನೆ ಬಾಳಿ ಒಬ್ಬ ಮಗನನ್ನು ಹೆತ್ತವಳನ್ನು ಆಫ್ರಿಕಕ್ಕೆ ಹಿಂದಿರುಗಿಸಲಾಯಿತು. ಆಕೆ ಮಗನನ್ನು ಬಿಟ್ಟು, ಬೇರೆ ಪುರುಷನನ್ನು ಸೇರೆನೆಂದು ಹರಕೆಹೊತ್ತು ಹೊರಟುಹೋದಳು. ವಧುವಿಗೆ ವಿವಾಹಯೋಗ್ಯ ವಯಸ್ಸು ತುಂಬಲು ಇನ್ನೂ ಎರಡು ವರ್ಷಗಳಿದ್ದವು. ಕಾಯಲಾರದೆ ಅವನು ಇನ್ನೊಬ್ಬಳನ್ನು ಇಟ್ಟುಕೊಂಡನು. ಇಲ್ಲಿ ಪದವಿಯ ಆಸೆ ಮುಂದೆ, ಕಾಮ ಅದರ ಹಿಂದೆ. ಹಿಂದಿರುಗಿಹೋದವಳ ಹೆಸರನ್ನು ಅವನು ಎಲ್ಲಿಯೂ ಬರೆದಿಲ್ಲ. ಎಂಟನೆಯ ಪುಸ್ತಕದಲ್ಲಿ ತನ್ನ ಬಂಧನವನ್ನು ಅವನು ಸರಪಣಿಯ ಕೊಂಡಿಗಳಂತೆ ವಿವರಿಸುತ್ತಾನೆ: ವಕ್ರವಾದ ಇಚ್ಛೆಯಿಂದ ಕಾಮ, ಕಾಮಕ್ಕೆ ಸೇವೆಮಾಡಿ ಅಭ್ಯಾಸ, ಅಭ್ಯಾಸವನ್ನು ತಡೆಯದೆ ಅನಿವಾರ್ಯತೆ. ಸರಪಣಿಯ ಮೊದಲ ಕೊಂಡಿ ಇಚ್ಛೆಯದು, ದೇಹದ್ದಲ್ಲ.

ಹಾಗೆಂದು ಅಗಸ್ಟೀನನ ವಿಚಾರ ದೋಷರಹಿತವೆಂದು ಹೇಳಲಾಗದು. ಆದಿಪಾಪದ ಫಲವಾಗಿ ದೇಹವು ಇಚ್ಛೆಗೆ ಅವಿಧೇಯವಾಯಿತೆಂದೂ, ವಿವಾಹದೊಳಗಿನ ಕಾಮದಲ್ಲಿಯೂ ಆ ವಿಕಾರದ ಗುರುತು ಉಳಿದಿದೆಯೆಂದೂ ಅವನು ವೃದ್ಧಾಪ್ಯದಲ್ಲಿ ವಾದಿಸಿದನು. ಎಕ್ಲಾನಮಿನ ಜೂಲಿಯನನು ಇದರಲ್ಲಿ ಹಳೆಯ ಮಾನಿಯ ಮತದ ವಾಸನೆಯಿದೆಯೆಂದು ಆಕ್ಷೇಪಿಸಿದನು. ಪಶ್ಚಿಮದ ಕ್ರೈಸ್ತ ಜಗತ್ತು ದಾಂಪತ್ಯವನ್ನು ಕೂಡ ಶಂಕೆಯಿಂದ ನೋಡಿದ್ದಕ್ಕೆ ಈ ವಾದವೂ ಒಂದು ಕಾರಣ. ಆದರೆ ಅದನ್ನೇ ಧರ್ಮದ ಪೂರ್ಣ ಅಭಿಪ್ರಾಯವೆಂದು ತಿಳಿಯುವುದು ತಪ್ಪು. ವಿವಾಹವನ್ನು ಹೀಗಳೆಯುವವರನ್ನು ನಾಲ್ಕನೆಯ ಶತಮಾನದಲ್ಲಿಯೇ ಗ್ಯಾಂಗ್ರದಲ್ಲಿ ಸೇರಿದ ಸಭೆಯು ತನ್ನ ಮೊದಲನೆಯ ವಿಧಿಯಲ್ಲಿಯೇ ಬಹಿಷ್ಕರಿಸಿತ್ತು.

೬

ಈ ವಿಚಾರಸರಣಿಯ ಪ್ರಯೋಜನವೇನು? ಮೂಲವನ್ನು ಎಲ್ಲಿ ಹುಡುಕುತ್ತೇವೆಯೋ ಅಲ್ಲಿಯೇ ಹೊಣೆಯನ್ನೂ ಹೊರಿಸುತ್ತೇವೆ. ಮೂಲವು ದೇಹದಲ್ಲಿದೆ ಎಂದವನು ತನ್ನ ದೇಹವನ್ನು ದ್ವೇಷಿಸುತ್ತಾನೆ. ಮೂಲವು ಹೆಣ್ಣಿನಲ್ಲಿದೆ ಎಂದವನು ಅವಳನ್ನು ನಿಂದಿಸುತ್ತಾನೆ, ಅವಳ ಉಡುಗೆ ನಡಿಗೆಗಳನ್ನು ಕಾಯುತ್ತಾನೆ, ಕೊನೆಗೆ ತಾನು ಮಾಡಿದ ಅನ್ಯಾಯಕ್ಕೂ ಅವಳನ್ನೇ ಹೊಣೆಮಾಡುತ್ತಾನೆ. ಮರುಭೂಮಿಯ ಸಾಹಿತ್ಯದಲ್ಲಿಯೂ ಈ ದೋಷ ಇಲ್ಲದೆ ಇಲ್ಲ. ಪಿಶಾಚಿಯು ಹೆಣ್ಣಿನ ರೂಪದಲ್ಲಿ ಬರುವ ಕಥೆಗಳು ಅಲ್ಲಿ ಹಲವು. ಆದರೆ ಅದೇ ಸಾಹಿತ್ಯ ಅದಕ್ಕೆ ಉತ್ತರವನ್ನೂ ಇಟ್ಟುಕೊಂಡಿದೆ. ಹಿರಿಯರ ವಚನಗಳ ಸಂಗ್ರಹದಲ್ಲಿ ಅಮ್ಮಾ ಸಾರಾ ಎಂಬ ತಪಸ್ವಿನಿಯ ವೃತ್ತಾಂತವಿದೆ. ಆಕೆ ಹದಿಮೂರು ವರ್ಷ ಜಾರತ್ವದ ಶೋಧನೆಯೊಡನೆ ಹೋರಾಡಿದಳು. ಪ್ರಲೋಭನೆಯ ವಸ್ತುವೆಂದು ಇತರರು ಭಾವಿಸಿದ ಹೆಣ್ಣು ಇಲ್ಲಿ ತಾನೇ ಪ್ರಲೋಭನೆಗೊಳಗಾದ, ತಾನೇ ಹೋರಾಡಿದ ಆತ್ಮ. ಹೋರಾಟವು ನಿಲ್ಲಲೆಂದು ಆಕೆ ಒಮ್ಮೆಯೂ ಪ್ರಾರ್ಥಿಸಲಿಲ್ಲ. ಬಲವನ್ನು ಮಾತ್ರ ಬೇಡಿದಳು. ಕೊನೆಗೆ ಪಿಶಾಚಿಯು ಎದುರಿಗೆ ಬಂದು, ನೀನು ನನ್ನನ್ನು ಗೆದ್ದೆ ಎಂದಿತು. ಗೆದ್ದದ್ದು ತಾನಲ್ಲ, ತನ್ನ ಒಡೆಯನಾದ ಕ್ರಿಸ್ತನು ಎಂದು ಆಕೆ ಉತ್ತರಕೊಟ್ಟಳು. ಆ ಹೊಗಳಿಕೆಯೇ ಕೊನೆಯ ಮತ್ತು ಅತಿಸೂಕ್ಷ್ಮವಾದ ಶೋಧನೆಯೆಂಬುದನ್ನು ಆಕೆ ಅರಿತಿದ್ದಳು. ಕಾಮವನ್ನು ಗೆದ್ದೆನೆಂಬ ಅಹಂಕಾರಕ್ಕೆ ಬಿದ್ದಿದ್ದರೆ, ಎವಾಗ್ರಿಯಸನು ವರ್ಣಿಸಿದ ಆ ಸುತ್ತು ಮತ್ತೆ ಮೊದಲಾಗುತ್ತಿತ್ತು.

ಕ್ರೈಸ್ತ ನಂಬಿಕೆಯ ಹೊರಗಿರುವವರಿಗೆ ಈ ಗುರುಗಳ ಪಿಶಾಚಿಗಳೂ ಉಪವಾಸಗಳೂ ಅಪರಿಚಿತವಾಗಿ ಕಾಣಬಹುದು. ಆದರೆ ಅವರ ವಿಶ್ಲೇಷಣೆಯನ್ನು ಪರೀಕ್ಷಿಸುವುದು ಯಾರಿಗೂ ಅಸಾಧ್ಯವಲ್ಲ. ಕಾಮದ ಸೆಳೆತ ಪ್ರಬಲವಾದ ದಿನಗಳಲ್ಲಿ ಮನಸ್ಸಿನಲ್ಲಿ ಮತ್ತೇನಿತ್ತು, ಯಾರ ಮೇಲೆ ಸಿಟ್ಟಿತ್ತು, ಯಾವ ಕೆಲಸದಿಂದ ತಪ್ಪಿಸಿಕೊಂಡಿದ್ದೆವು, ಯಾರ ಮೆಚ್ಚುಗೆಗೆ ಹಂಬಲಿಸಿದ್ದೆವು ಎಂದು ಕೇಳಿಕೊಳ್ಳುವುದು ಅವರು ಕಲಿಸಿದ ವಿಧಾನ. ಅಧ್ಯಾಪಕರಾದವರಿಗೆ ಇಲ್ಲಿ ಇನ್ನೊಂದು ಪಾಠವೂ ಉಂಟು. ತನ್ನ ಮನಸ್ಸಿನ ಕಳವಳವನ್ನು ಹೇಳಿಕೊಳ್ಳಲು ತರುಣನೊಬ್ಬನೋ ತರುಣಿಯೊಬ್ಬಳೋ ಧೈರ್ಯಮಾಡಿ ಬಂದಾಗ, ಬಂದವರಿಗೆ ಮೊದಲು ಸಿಕ್ಕುವವನು ಆ ವೃದ್ಧನೋ ಅಪೊಲ್ಲೊವೋ ಎಂಬುದರ ಮೇಲೆ ಅವರು ಮುಂದೆ ಹಿಡಿಯುವ ದಾರಿ ನಿಂತಿರುತ್ತದೆ.